ತೂಬು ಮುಚ್ಚಿದರೆ ನೀರು ಎಲ್ಲಿಗೆ ಹೋಗುತ್ತೆ? ಕ್ಯಾನ್ಸರ್ ಮತ್ತು ಕಂಪ್ಯೂಟರ್ ಲೆಕ್ಕ

ಜಿಲ್ಲಾ ವರದಿಗಾರನಾದ ನನಗೆ ಕ್ಯಾನ್ಸರ್ ಸುದ್ದಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಉಚಿತ ತಪಾಸಣಾ ಶಿಬಿರದ ಪ್ರಕಟಣೆ. ಸ್ಥಳ, ದಿನಾಂಕ, ಉದ್ಘಾಟಕರ ಹೆಸರು, ಜೊತೆಗೆ ದೀಪ ಬೆಳಗುವ ಫೋಟೊ. ಇನ್ನೊಂದು, ಮೊಬೈಲ್‌ಗೆ ಬರುವ ಫಾರ್ವರ್ಡ್. ‘ಕ್ಯಾನ್ಸರ್‌ಗೆ ಕೊನೆಗೂ ಮದ್ದು ಸಿಕ್ಕಿತು, ಕಂಪ್ಯೂಟರೇ ಕಂಡುಹಿಡಿಯಿತು’ ಎಂದು ಶುರುವಾಗಿ ‘ಹತ್ತು ಜನಕ್ಕೆ ಕಳಿಸಿ’ ಎಂದು ಮುಗಿಯುತ್ತದೆ. ಈಗೀಗ ಕಂಪ್ಯೂಟರ್ ಇದ್ದ ಜಾಗಕ್ಕೆ ಎಐ ಬಂದಿದೆ, ಅಷ್ಟೇ ವ್ಯತ್ಯಾಸ.

ಫಾರ್ವರ್ಡ್ ಬಂದ ಮಾರನೇ ದಿನ ಯಾರಾದರೂ ಟೀ ಅಂಗಡಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ‘ಪೇಪರ್‌ನವರಲ್ವಾ ನೀವು, ಇದು ನಿಜಾನಾ?’ ಅವರು ಸುಮ್ಮನೆ ಕೇಳುವುದಿಲ್ಲ. ಮನೆಯಲ್ಲಿ ಯಾರೋ ಮಲಗಿರುತ್ತಾರೆ. ಸೊಸೈಟಿ ಸಾಲ, ಹೆಂಡತಿಯ ಒಡವೆ, ಅರ್ಧ ಎಕರೆ ಗದ್ದೆ ಎಲ್ಲವೂ ಆ ಉತ್ತರದ ಮೇಲೆ ನಿಂತಿರುತ್ತದೆ. ಹಾಗಾಗಿ ಕಂಪ್ಯೂಟರ್ ಇಟ್ಟುಕೊಂಡು ಕ್ಯಾನ್ಸರ್ ಸಂಶೋಧಕರು ನಿಜಕ್ಕೂ ಏನು ಮಾಡುತ್ತಾರೆ ಎಂದು ಓದಲು ಶುರು ಮಾಡಿದೆ. ಓದಿ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ವಿಜ್ಞಾನ ಓದಿರಬೇಕಿಲ್ಲ. ನಾಲೆ ನೀರಿನ ಜಗಳ ನೋಡಿದ್ದರೆ ಸಾಕು.

ನಮ್ಮ ಮೈಯ ಒಂದೊಂದು ಜೀವಕೋಶವೂ ತಾನಾಗಿಯೇ ಎರಡಾಗುವುದಿಲ್ಲ. ಹೊರಗಿನಿಂದ ‘ಬೆಳೆ’ ಎಂಬ ಸುದ್ದಿ ಬರಬೇಕು. ಕೈ ಕುಯ್ದುಕೊಂಡಾಗ ಗಾಯ ಮಾಯುವುದು ಇಂಥ ಸುದ್ದಿಯಿಂದಲೇ. ಸುದ್ದಿ ತರುವ ವಸ್ತು ಜೀವಕೋಶದ ಹೊರಗೋಡೆಯ ಮೇಲಿರುವ ಗ್ರಾಹಕಕ್ಕೆ ಬಂದು ಕೂರುತ್ತದೆ. ಅಂಥ ಒಂದು ಗ್ರಾಹಕದ ಹೆಸರು ಇಜಿಎಫ್‌ಆರ್. ಅದನ್ನು ನಾಲೆಯ ಮೊದಲ ತೂಬು ಎಂದುಕೊಳ್ಳಿ. ಅಲ್ಲಿಂದ ಒಳಗೆ ಸಾಲಾಗಿ ಗೇಟುಗಳು: ರಾಸ್, ರಾಫ್, ಮೆಕ್, ಎರ್ಕ್. ಇವೆಲ್ಲ ಪ್ರೋಟೀನ್‌ಗಳು. ಒಂದು ಗೇಟು ತೆರೆದರೆ ಅದು ಮುಂದಿನದನ್ನು ತೆರೆಯುತ್ತದೆ. ರಾಫ್‌ನಿಂದ ಮುಂದಕ್ಕೆ ಪ್ರತಿ ಹೆಜ್ಜೆಯಲ್ಲೂ ಹಿಂದಿನದು ಮುಂದಿನದಕ್ಕೆ ಫಾಸ್ಫೇಟ್ ಎಂಬ ಸಣ್ಣ ಗುರುತು ಅಂಟಿಸುತ್ತದೆ. ಗುರುತು ಅಂಟಿದರೆ ಗೇಟು ತೆರೆದಂತೆ, ಕಿತ್ತರೆ ಮುಚ್ಚಿದಂತೆ. ಕೊನೆಯ ಎರ್ಕ್ ತೆರೆದಾಗ ಜೀವಕೋಶದ ನಡುಮನೆಗೆ ‘ಎರಡಾಗು’ ಎಂಬ ಸುದ್ದಿ ಮುಟ್ಟುತ್ತದೆ.

ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಆಗುವುದು ಇಷ್ಟೇ: ಒಂದು ಗೇಟು ಕೆಟ್ಟು ತೆರೆದುಕೊಂಡೇ ನಿಲ್ಲುತ್ತದೆ. ಹೊರಗಿನಿಂದ ಸುದ್ದಿ ಬರದಿದ್ದರೂ ಒಳಗೆ ನೀರು ಹರಿಯುತ್ತಲೇ ಇರುತ್ತದೆ, ಜೀವಕೋಶ ಎರಡಾಗುತ್ತಲೇ ಇರುತ್ತದೆ. 2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ಸಂಶೋಧಕರು ರಾಫ್ ಕುಟುಂಬದ ಬಿರಾಫ್ ಎಂಬ ಗೇಟಿನಲ್ಲಿ ಇಂಥ ಕೆಡುಕು ಕಂಡರು. 766 ಮಣಿಗಳ ಸರದಂತಿರುವ ಆ ಪ್ರೋಟೀನ್‌ನಲ್ಲಿ ಹೆಚ್ಚಾಗಿ 600ನೇ ಮಣಿಯೊಂದು ಬದಲಾಗಿರುತ್ತದೆ. ಅಷ್ಟಕ್ಕೇ ಗೇಟು ಮುಚ್ಚುವುದಿಲ್ಲ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ ಇರುವವರಲ್ಲಿ ಸುಮಾರು ಅರ್ಧ ಜನರಿಗೆ ಬಿರಾಫ್ ಕೆಟ್ಟಿರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಇರುವವರಲ್ಲೂ ಕೆಲವರಿಗೆ ಇದೇ ಕೆಡುಕು ಇರುತ್ತದೆ.

ಕೆಟ್ಟ ಗೇಟು ಯಾವುದೆಂದು ಗೊತ್ತಾಯಿತಲ್ಲ, ಅದನ್ನೇ ಮುಚ್ಚುವ ಮಾತ್ರೆ ಮಾಡಿದರೆ ಮುಗಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾಡಿಯೂ ಮಾಡಿದರು. ವೆಮುರಾಫೆನಿಬ್ ಎಂಬ ಆ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಚರ್ಮದ ಕ್ಯಾನ್ಸರ್‌ನಲ್ಲಿ ಮಾತ್ರೆ ತೆಗೆದುಕೊಂಡವರ ಪೈಕಿ ಸುಮಾರು ಅರ್ಧ ಜನರಿಗೆ ಗೆಡ್ಡೆ ಕುಗ್ಗಿತು. ಅದೇ ಕೆಡುಕಿರುವ ಕರುಳಿನ ಕ್ಯಾನ್ಸರ್‌ನವರು 21 ಜನಕ್ಕೂ ಕೊಟ್ಟು ನೋಡಿದರು. ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ಒಬ್ಬರಿಗೆ.

ಕೆಟ್ಟ ಗೇಟು ಒಂದೇ. ಮಾತ್ರೆಯೂ ಒಂದೇ. ಒಂದು ಕಡೆ ಕೆಲಸ ಮಾಡಿದ್ದು ಇನ್ನೊಂದು ಕಡೆ ಯಾಕೆ ಸೋತಿತು? ಇದಕ್ಕೆ ಉತ್ತರ ಹುಡುಕುವ ಕೆಲಸದಲ್ಲೇ ಕಂಪ್ಯೂಟರ್ ಲೆಕ್ಕ ಬೇಕಾಗುವುದು.

ನಮ್ಮ ಕಡೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ನಡೆಯುವುದನ್ನು ನೆನಪಿಸಿಕೊಳ್ಳಿ. ಕೊನೆಭಾಗದ ಗದ್ದೆಗೆ ನೀರು ತಲುಪಿದರೆ ಅಲ್ಲಿನ ರೈತ ನೀರುಗಂಟಿಗೆ ಫೋನ್ ಮಾಡಿ ‘ಸಾಕು, ಇಳಿಸಪ್ಪಾ’ ಅನ್ನುತ್ತಾನೆ. ನೀರುಗಂಟಿ ಮೇಲಿನ ತೂಬನ್ನು ಸ್ವಲ್ಪ ಇಳಿಸುತ್ತಾನೆ. ಈಗ ನಡುವೆ ಯಾರೋ ಒಂದು ಗೇಟು ಮುಚ್ಚಿಬಿಟ್ಟರು ಅನ್ನಿ. ಕೊನೆಭಾಗ ಒಣಗುತ್ತದೆ. ‘ಸಾಕು’ ಎಂಬ ಫೋನ್ ಬರುವುದು ನಿಲ್ಲುತ್ತದೆ. ಕೊನೆಗೆ ನೀರು ಮುಟ್ಟಿಲ್ಲ ಎಂದು ನೀರುಗಂಟಿ ಮೇಲಿನ ತೂಬನ್ನು ಪೂರ್ತಿ ಎತ್ತುತ್ತಾನೆ. ಮೇಲಿಂದ ನುಗ್ಗಿದ ನೀರು ಮುಚ್ಚಿದ ಗೇಟಿನ ಹತ್ತಿರ ನಿಲ್ಲುವುದಿಲ್ಲ, ಪಕ್ಕದ ಕಾಲುವೆ ಹಿಡಿಯುತ್ತದೆ.

ಕರುಳಿನ ಕ್ಯಾನ್ಸರ್ ಕೋಶದಲ್ಲಿ ಆಗಿದ್ದೂ ಇದೇ. ಎರ್ಕ್ ಗೇಟಿನಲ್ಲಿ ನೀರು ಹರಿಯುವವರೆಗೂ ಅದು ಮೇಲಿನ ಇಜಿಎಫ್‌ಆರ್ ತೂಬಿಗೆ ‘ಸಾಕು’ ಎಂದು ಹೇಳುತ್ತಿರುತ್ತದೆ. ಮಾತ್ರೆ ಬಿರಾಫ್ ಗೇಟು ಮುಚ್ಚಿದೊಡನೆ ಆ ಮಾತು ನಿಂತಿತು. ಇಜಿಎಫ್‌ಆರ್ ಪೂರ್ತಿ ತೆರೆದುಕೊಂಡಿತು. ನೀರು ಬೇರೆ ದಾರಿಯಿಂದ ಒಳನುಗ್ಗಿ ಕೋಶ ಮತ್ತೆ ಬೆಳೆಯತೊಡಗಿತು. 2012ರಲ್ಲಿ ನೆದರ್‌ಲ್ಯಾಂಡ್ಸ್‌ನ ಕ್ಯಾನ್ಸರ್ ಸಂಸ್ಥೆಯಲ್ಲಿ ರೆನೆ ಬರ್ನಾರ್ಡ್ಸ್ ಅವರ ತಂಡ ಪ್ರಯೋಗಶಾಲೆಯ ಪರೀಕ್ಷೆಗಳಿಂದ ಇದನ್ನು ತೋರಿಸಿತು. ಚರ್ಮದ ಕ್ಯಾನ್ಸರ್ ಕೋಶಗಳಲ್ಲಿ ಇಜಿಎಫ್‌ಆರ್ ತೂಬೇ ಬಹಳ ಕಡಿಮೆ. ಆದ್ದರಿಂದ ಅಲ್ಲಿ ಮಾತ್ರೆ ಕೆಲಸ ಮಾಡಿತು.

ಇದನ್ನು ಓದಿದಾಗ ನನಗೊಂದು ಅನುಮಾನ ಬಂತು. ಇಷ್ಟನ್ನು ಒಬ್ಬ ಬುದ್ಧಿವಂತ ಕಾಗದದ ಮೇಲೆ ಬಾಣ ಎಳೆದು ಹೇಳಬಹುದಲ್ಲ, ಕಂಪ್ಯೂಟರ್ ಯಾಕೆ? ಉತ್ತರ ಇಲ್ಲಿದೆ. ಎರಡು ತೂಬು, ಮೂರು ಗೇಟಾದರೆ ಹೇಳಬಹುದು. ಜೀವಕೋಶದಲ್ಲಿ ಅವು ನೂರಾರು. ಒಂದು ಇನ್ನೊಂದನ್ನು ತೆರೆಯುತ್ತದೆ, ಮತ್ತೊಂದನ್ನು ಮುಚ್ಚುತ್ತದೆ. ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಎಂಬುದರ ಮೇಲೆ ಫಲ ಬದಲಾಗುತ್ತದೆ. ನಾಲೆಯ ನಕ್ಷೆ ಗೋಡೆಗೆ ಅಂಟಿಸಿದ್ದರೆ ನೀರು ಯಾವಾಗ ಬರುತ್ತದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಲೆಕ್ಕ ಬೇಕು.

ಆ ಲೆಕ್ಕದ ತಿರುಳು ಕೆರೆಯ ಲೆಕ್ಕದ್ದೇ. ಒಳಬರುವ ನೀರು ಎಷ್ಟು, ಹೊರಹೋಗುವ ನೀರು ಎಷ್ಟು, ಉಳಿದದ್ದು ಎಷ್ಟು. ಪ್ರತಿ ಪ್ರೋಟೀನ್‌ಗೂ ಹೀಗೆ ಒಂದೊಂದು ಸಮೀಕರಣ ಬರೆಯುತ್ತಾರೆ: ನಿಮಿಷಕ್ಕೆ ಎಷ್ಟಕ್ಕೆ ಗುರುತು ಅಂಟುತ್ತದೆ, ಎಷ್ಟರಿಂದ ಕಿತ್ತುಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕಂಪ್ಯೂಟರ್ ಬಿಡಿಸುತ್ತದೆ. 1996ರಲ್ಲಿ ಅಮೆರಿಕದ ಹುವಾಂಗ್ ಮತ್ತು ಫೆರೆಲ್ ಎಂಬಿಬ್ಬರು ಮೂರು ಗೇಟುಗಳ ಸಾಲಿಗೆ ಹೀಗೆ ಲೆಕ್ಕ ಹಾಕಿದರು. ಸುದ್ದಿ ಸ್ವಲ್ಪ ಸ್ವಲ್ಪವೇ ಹೆಚ್ಚಿದರೂ ಕೊನೆಯ ಗೇಟು ಮೊದಮೊದಲು ಅಲುಗುವುದೇ ಇಲ್ಲ, ಒಂದು ಮಟ್ಟ ದಾಟಿದೊಡನೆ ಲೈಟಿನ ಸ್ವಿಚ್ಚಿನಂತೆ ತಟ್ಟನೆ ತೆರೆಯುತ್ತದೆ ಎಂದು ಲೆಕ್ಕ ಹೇಳಿತು. ಕಪ್ಪೆಯ ಮೊಟ್ಟೆಯಿಂದ ತೆಗೆದ ರಸದಲ್ಲಿ ಅಳೆದು ನೋಡಿದಾಗ ಹಾಗೆಯೇ ಇತ್ತು. 2002ರಲ್ಲಿ ಬಿರ್ಗಿಟ್ ಶೋಬರ್ಲ್ ಮತ್ತು ಸಂಗಡಿಗರು ಇಜಿಎಫ್‌ಆರ್ ದಾರಿಯ 94 ವಸ್ತುಗಳನ್ನು ಒಂದೇ ಲೆಕ್ಕದಲ್ಲಿ ಕೂರಿಸಿದರು.

ಇನ್ನೊಂದು ವಿಧಾನ ನನಗೆ ಬಹಳ ಹಿಡಿಸಿತು. ನೆಲದಡಿ ಪೈಪು ಹೂತಿರುವ ತೋಟ ಕೊಂಡಿದ್ದೀರಿ, ನಕ್ಷೆ ಇಲ್ಲ, ಯಾವ ವಾಲ್ವು ಯಾವ ಸಾಲಿಗೆ ಹೋಗುತ್ತದೆ ಗೊತ್ತಿಲ್ಲ. ಏನು ಮಾಡುತ್ತೀರಿ? ಒಂದೊಂದೇ ವಾಲ್ವನ್ನು ಸ್ವಲ್ಪ ತಿರುಗಿಸಿ ಎಲ್ಲೆಲ್ಲಿ ನೀರು ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ನೋಡುತ್ತೀರಿ. 2002ರಲ್ಲಿ ಬೋರಿಸ್ ಖೊಲೊಡೆಂಕೊ ಮತ್ತು ಸಂಗಡಿಗರು ಇದನ್ನೇ ಗಣಿತವಾಗಿ ಬರೆದರು. ಒಂದೊಂದು ಪ್ರೋಟೀನನ್ನೂ ಸ್ವಲ್ಪ ತಡೆದು, ಉಳಿದವೆಲ್ಲ ಎಷ್ಟು ಬದಲಾದವು ಎಂದು ಅಳೆದರೆ, ಯಾವುದಕ್ಕೆ ಯಾವುದು ನೇರವಾಗಿ ಕೂಡಿಕೊಂಡಿದೆ, ಯಾವುದು ಸುತ್ತುಬಳಸಿ ಮುಟ್ಟುತ್ತಿದೆ ಎಂದು ಹಿಂದಕ್ಕೆ ಲೆಕ್ಕ ಹಾಕಿ ಹೇಳಬಹುದು.

2013ರಲ್ಲಿ ಬರ್ಲಿನ್‌ನ ನಿಲ್ಸ್ ಬ್ಲೂಟ್‌ಗೆನ್ ಅವರ ತಂಡ ಈ ವಿಧಾನವನ್ನು ಕರುಳಿನ ಕ್ಯಾನ್ಸರ್ ಕೋಶಗಳಿಗೆ ಹಚ್ಚಿತು. ಮೆಕ್ ಗೇಟನ್ನು ಔಷಧದಿಂದ ಮುಚ್ಚಿದರೆ ನೀರು ಇಜಿಎಫ್‌ಆರ್ ಮೂಲಕ ಎಕೆಟಿ ಎಂಬ ಪಕ್ಕದ ಕಾಲುವೆಗೆ ತಿರುಗುತ್ತದೆ ಎಂದು ಲೆಕ್ಕ ತೋರಿಸಿತು. ಹಾಗಾದರೆ ಮೆಕ್ ಮತ್ತು ಇಜಿಎಫ್‌ಆರ್ ಎರಡನ್ನೂ ಒಟ್ಟಿಗೆ ಮುಚ್ಚಬೇಕು ಎಂಬುದು ಲೆಕ್ಕ ಕೊಟ್ಟ ಸೂಚನೆ. ಮೊದಲು ಕೋಶಗಳಲ್ಲಿ, ಆಮೇಲೆ ಇಲಿಗಳಲ್ಲಿ ಹಾಗೆ ಮಾಡಿ ನೋಡಿದರು. ಗೆಡ್ಡೆಯ ಬೆಳವಣಿಗೆ ನಿಂತಿತು.

ಒಟ್ಟಿಗೆ ಎರಡು ಕಡೆ ಮುಚ್ಚುವ ಈ ವಿಚಾರ ಕೊನೆಗೆ ರೋಗಿಗಳವರೆಗೂ ಬಂತು. ಪ್ರಯೋಗಶಾಲೆಯವರು, ಲೆಕ್ಕದವರು, ವೈದ್ಯರು ಹಲವು ದೇಶಗಳಲ್ಲಿ ಮಾಡಿದ ಕೆಲಸದ ಫಲ ಅದು, ಯಾವುದೋ ಒಂದು ಕಂಪ್ಯೂಟರ್‌ನದ್ದಲ್ಲ. ಬಿರಾಫ್ ಮುಚ್ಚುವ ಎನ್‌ಕೊರಾಫೆನಿಬ್ ಮಾತ್ರೆ ಮತ್ತು ಇಜಿಎಫ್‌ಆರ್ ಮುಚ್ಚುವ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ಎರಡನ್ನೂ ಸೇರಿಸಿ ಕೊಡುವುದಕ್ಕೆ 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಆಧಾರವಾದ 665 ರೋಗಿಗಳ ಪರೀಕ್ಷೆಯ ಫಲಿತಾಂಶ 2019ರಲ್ಲಿ ಪ್ರಕಟವಾಗಿತ್ತು. ಹಳೆಯ ಚಿಕಿತ್ಸೆ ಪಡೆದವರಲ್ಲಿ ಅರ್ಧ ಜನ 5.4 ತಿಂಗಳಿಗಿಂತ ಹೆಚ್ಚು ಬದುಕಿದರು. ಈ ಜೋಡಿ ಔಷಧ ಪಡೆದವರಲ್ಲಿ ಅರ್ಧ ಜನ 8.4 ತಿಂಗಳಿಗಿಂತ ಹೆಚ್ಚು ಬದುಕಿದರು.

ಮೂರು ತಿಂಗಳು. ಫಾರ್ವರ್ಡ್‌ಗಳಲ್ಲಿ ಈ ಅಂಕಿ ಬರುವುದೇ ಇಲ್ಲ. ಮೊದಲು ಓದಿದಾಗ, ಇಷ್ಟೆಲ್ಲ ವರ್ಷದ ಕೆಲಸಕ್ಕೆ ಸಿಕ್ಕಿದ್ದು ಇಷ್ಟೇನಾ ಎಂದು ನನಗೆ ನಿರಾಸೆಯಾಯಿತು. ಆಮೇಲೆ ಅನ್ನಿಸಿತು, ಈ ರೋಗಿಗಳು ಅದಾಗಲೇ ಒಂದೆರಡು ಚಿಕಿತ್ಸೆ ಮುಗಿಸಿ ಸೋತು ಬಂದವರು. ಮಗಳ ಮದುವೆ ಕಣ್ಣಾರೆ ನೋಡಬೇಕು ಎಂದು ಕೂತವರಿಗೆ ಮೂರು ತಿಂಗಳು ಸಣ್ಣದಲ್ಲ. ಹಾಗಂತ ಅದನ್ನು ‘ಮದ್ದು ಸಿಕ್ಕಿತು’ ಎಂದು ಬರೆಯುವುದೂ ಸರಿಯಲ್ಲ. ಎರಡನ್ನೂ ಒಟ್ಟಿಗೆ ಹೇಳಬೇಕು.

ಲೆಕ್ಕ ಸೋತ ಕತೆಯೂ ಇದೆ. ಅಮೆರಿಕದ ಮೆರಿಮ್ಯಾಕ್ ಎಂಬ ಕಂಪನಿಯಲ್ಲಿ ಇದೇ ಶೋಬರ್ಲ್ ಅವರ ತಂಡ ಇಜಿಎಫ್‌ಆರ್ ಕುಟುಂಬದ ಗ್ರಾಹಕಗಳ ಲೆಕ್ಕ ಹಾಕಿ, ಅದರಲ್ಲಿ ಯಾವುದನ್ನು ತಡೆದರೆ ಹೆಚ್ಚು ಪರಿಣಾಮ ಎಂದು ಹುಡುಕಿತು. ಕೈಲಾಗದ ಗ್ರಾಹಕ ಎಂದು ಹೆಚ್ಚಿನವರು ಬದಿಗಿಟ್ಟಿದ್ದ ಅರ್ಬ್‌ಬಿ3 ಎಂಬುದನ್ನು ಲೆಕ್ಕ ಬೊಟ್ಟು ಮಾಡಿತು. 2009ರಲ್ಲಿ ಅದನ್ನು ಪ್ರಕಟಿಸಿದರು, ಅದಕ್ಕೆಂದೇ ಔಷಧವನ್ನೂ ಮಾಡಿದರು. ಇಲಿಗಳಲ್ಲಿ ಕೆಲಸ ಮಾಡಿತು. ಆದರೆ 2018ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಲಾಭ ಕಾಣದೆ ಕಂಪನಿ ಅದನ್ನು ಕೈಬಿಟ್ಟಿತು. ಲೆಕ್ಕ ಜಾಣತನದ್ದೇ ಆಗಿತ್ತು. ಆದರೆ ಬಟ್ಟಲಿನಲ್ಲಿ ಬೆಳೆಸಿದ ಕೋಶದ ಲೆಕ್ಕ ಬೇರೆ, ಮನುಷ್ಯನ ಮೈಯೊಳಗಿನ ಗೆಡ್ಡೆ ಬೇರೆ. ಒಂದೇ ಗೆಡ್ಡೆಯಲ್ಲೂ ಎಲ್ಲ ಕೋಶ ಒಂದೇ ಥರ ಇರುವುದಿಲ್ಲ.

ಇಂಥ ಕೆಲಸ ನಮಗೆ ದೂರದ್ದೇನೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೋಹಿತ್ ಕುಮಾರ್ ಜಾಲಿ ಅವರ ತಂಡ ಇದೇ ಬಗೆಯ ಲೆಕ್ಕ ಮಾಡುತ್ತದೆ. ಒಂದಕ್ಕೊಂದು ಅಂಟಿಕೊಂಡು ನಿಂತ ಕ್ಯಾನ್ಸರ್ ಕೋಶ ಹೇಗೆ ಅಂಟು ಬಿಟ್ಟು ಬೇರೆ ಅಂಗಕ್ಕೆ ಹೊರಡುತ್ತದೆ, ಅರ್ಧ ಅಂಟಿಕೊಂಡು ಅರ್ಧ ಓಡಾಡುವ ನಡುವಿನ ಸ್ಥಿತಿ ಯಾಕೆ ಅಪಾಯದ್ದು ಎಂಬುದು ಅವರು ಕೇಳುವ ಪ್ರಶ್ನೆಗಳು.

ಇನ್ನು ನಮ್ಮ ಮನೆಯ ವಿಷಯ. ಈ ಲೆಕ್ಕ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಲ್ಲಿ. ನಮ್ಮ ಚಿಕ್ಕಪ್ಪನಿಗೆ ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್. ದಿನಾ ಇಮಾಟಿನಿಬ್ ಮಾತ್ರೆ ನುಂಗುತ್ತಾರೆ. ಗದ್ದೆ ಕೆಲಸ ಮಾಡುತ್ತಾರೆ, ಹಬ್ಬಕ್ಕೆ ಮುದ್ದೆ ಬಾಡೂಟ ಎಲ್ಲ ಆಗುತ್ತದೆ. ಹೋದ ವರ್ಷ ಒಂದು ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ ಎಂದು ಬಂತು. ಅವತ್ತು ಸಂಜೆ ಅವರು ನನ್ನನ್ನು ಕೂರಿಸಿಕೊಂಡು ಕೇಳಿದರು: ‘ಲೋ ಮಗಾ, ರಿಪೋರ್ಟಲ್ಲಿ ಏನೂ ಇಲ್ಲ ಅಂತಾರೆ. ಏನೂ ಇಲ್ದಿದ್ಮೇಲೆ ಈ ಮಾತ್ರೆ ಯಾಕ್ಲಾ ನುಂಗ್ಬೇಕು?’

ಮಾತ್ರೆಗೆ ದುಡ್ಡು, ಬೆಂಗಳೂರಿಗೆ ಹೋಗಿಬರುವ ಖರ್ಚು, ಹೋದ ದಿನದ ಕೂಲಿ ನಷ್ಟ. ಅವರ ಪ್ರಶ್ನೆ ನ್ಯಾಯವಾದದ್ದೇ.

ಸಿಎಂಎಲ್‌ನಲ್ಲೂ ಕೆಟ್ಟಿರುವುದು ಒಂದು ಗೇಟು. 9 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಮುಚ್ಚದ ಗೇಟು ಹುಟ್ಟುತ್ತದೆ. ಇಮಾಟಿನಿಬ್ ಅದನ್ನು ಮುಚ್ಚುತ್ತದೆ. 2005ರಲ್ಲಿ ಫ್ರಾನ್ಸಿಸ್ಕಾ ಮೈಕರ್ ಮತ್ತು ಸಂಗಡಿಗರು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ 169 ರೋಗಿಗಳ ರಕ್ತಪರೀಕ್ಷೆಯ ಅಂಕಿಗಳಿಗೆ ಲೆಕ್ಕ ಹೊಂದಿಸಿದರು. ರೋಗ ಎರಡು ವೇಗದಲ್ಲಿ ಇಳಿಯುತ್ತದೆ ಎಂದು ಕಂಡಿತು. ಮೊದಲು ದಿನಕ್ಕೆ ಸುಮಾರು ನೂರಕ್ಕೆ 5ರಷ್ಟು, ಅಂದರೆ ಹೆಚ್ಚುಕಡಿಮೆ 14 ದಿನಕ್ಕೆ ಅರ್ಧ. ಆಮೇಲೆ ದಿನಕ್ಕೆ ನೂರಕ್ಕೆ 0.8ರಷ್ಟು, ಅಂದರೆ ಅರ್ಧವಾಗಲು ಸುಮಾರು 87 ದಿನ. ಇಷ್ಟಾದರೂ ಎಲ್ಲದರ ಮೂಲವಾದ ಕಾಂಡಕೋಶಗಳನ್ನು ಮಾತ್ರೆ ಮುಗಿಸುವುದಿಲ್ಲ ಎಂದು ಅವರ ಲೆಕ್ಕ ಹೇಳಿತು.

ಚಿಕ್ಕಪ್ಪನಿಗೆ ನಾನು ಗರಿಕೆಯ ಮಾತು ಹೇಳಿದೆ. ಗದ್ದೆಯ ಬದುವಿನಲ್ಲಿ ಗರಿಕೆ ಕುಯ್ದರೆ ಬದು ಚೊಕ್ಕ ಕಾಣುತ್ತದೆ. ಬೇರು ಒಳಗೇ ಇರುತ್ತದೆ. ರಿಪೋರ್ಟಿನಲ್ಲಿ ‘ಇಲ್ಲ’ ಅಂದರೆ ಯಂತ್ರದ ಕಣ್ಣಿಗೆ ಕಾಣುವಷ್ಟು ಇಲ್ಲ ಎಂದರ್ಥ.

ಪೂರ್ತಿ ಸತ್ಯ ಹೇಳಬೇಕೆಂದರೆ ಕತೆ ಅಲ್ಲಿಗೇ ನಿಂತಿಲ್ಲ. 2006ರಲ್ಲಿ ಜರ್ಮನಿಯ ಇಂಗೋ ರೋಡರ್ ಮತ್ತು ಸಂಗಡಿಗರು ಬೇರೆ ಬಗೆಯ ಲೆಕ್ಕ ಹಾಕಿದರು. ಮಲಗಿರುವ ಕಾಂಡಕೋಶವನ್ನು ಮಾತ್ರೆ ಮುಟ್ಟುವುದಿಲ್ಲ, ಎದ್ದದ್ದನ್ನು ಹೊಡೆಯುತ್ತದೆ, ಹೀಗೆ ಬಹುಕಾಲ ನಡೆದರೆ ಬೇರೂ ಮುಗಿಯಬಹುದು ಎಂದರು. ಎರಡು ಲೆಕ್ಕದಲ್ಲಿ ಯಾವುದು ಸರಿ? ಕಂಪ್ಯೂಟರ್ ಹೇಳಲಾರದು, ರೋಗಿಗಳೇ ಹೇಳಬೇಕು. ಫ್ರಾನ್ಸ್‌ನಲ್ಲಿ ಕನಿಷ್ಠ ಎರಡು ವರ್ಷ ರೋಗ ಕಾಣದೆ ಇದ್ದ 100 ಜನರಿಗೆ ವೈದ್ಯರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಿದರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಂದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 40 ಜನರಲ್ಲಿ ರೋಗ ಮರಳಿರಲಿಲ್ಲ. ಉಳಿದವರಲ್ಲಿ ಮರಳಿತು, ಹೆಚ್ಚಿನವರಿಗೆ ಮೊದಲ ಆರು ತಿಂಗಳಲ್ಲೇ. ಪದೇಪದೇ ಪರೀಕ್ಷೆ ಮಾಡುತ್ತಿದ್ದರಿಂದ ಬೇಗ ಗೊತ್ತಾಗಿ ಮತ್ತೆ ಮಾತ್ರೆ ಶುರು ಮಾಡಿದರು.

ಅಂದರೆ ನಿಲ್ಲಿಸಬಹುದಾದವರೂ ಇದ್ದಾರೆ. ಆದರೆ ಅದು ವರ್ಷಗಟ್ಟಲೆ ಕಾದು, ವೈದ್ಯರೇ ಹೇಳಿ, ಆಮೇಲೂ ಮತ್ತೆ ಮತ್ತೆ ರಕ್ತ ಪರೀಕ್ಷಿಸಿಕೊಂಡು ಮಾಡುವ ಕೆಲಸ. ಒಂದು ರಿಪೋರ್ಟ್ ನೋಡಿ ಮನೆಯಲ್ಲಿ ತೀರ್ಮಾನಿಸುವಂಥದ್ದಲ್ಲ. ಚಿಕ್ಕಪ್ಪ ಮುಂದಿನ ಸಲ ಹೋದಾಗ ವೈದ್ಯರನ್ನು ಕೇಳಿದರು. ‘ಇನ್ನೂ ಕಾಯೋಣ’ ಎಂದರಂತೆ. ಮಾತ್ರೆ ಮುಂದುವರಿದಿದೆ.

ಹಾಗಾಗಿ ಈಗ ಟೀ ಅಂಗಡಿಯಲ್ಲಿ ಯಾರಾದರೂ ಫಾರ್ವರ್ಡ್ ತೋರಿಸಿದರೆ ನಾನು ನಿಜ, ಸುಳ್ಳು ಅನ್ನುವುದಿಲ್ಲ. ನಾಲ್ಕು ಪ್ರಶ್ನೆ ಹೇಳಿಕೊಡುತ್ತೇನೆ. ಇದು ನಡೆದದ್ದು ಎಲ್ಲಿ: ಕಂಪ್ಯೂಟರ್‌ನಲ್ಲೋ, ಬಟ್ಟಲಿನ ಕೋಶದಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಮನುಷ್ಯರಲ್ಲಾದರೆ ಎಷ್ಟು ಜನರಲ್ಲಿ, ಯಾವ ಕ್ಯಾನ್ಸರ್, ಯಾವ ಗೇಟು ಕೆಟ್ಟವರಲ್ಲಿ? ಲಾಭ ಎಷ್ಟು: ದಿನವೋ, ತಿಂಗಳೋ, ವರ್ಷವೋ? ಇದನ್ನು ನಂಬಿ ಈಗ ನಡೆಯುತ್ತಿರುವ ಚಿಕಿತ್ಸೆ ಬಿಡಿ ಎಂದು ಯಾರಾದರೂ ಹೇಳುತ್ತಿದ್ದಾರಾ? ಕೊನೆಯ ಪ್ರಶ್ನೆಗೆ ಉತ್ತರ ‘ಹೌದು’ ಎಂದಾದರೆ ಉಳಿದ ಮೂರನ್ನು ಕೇಳುವ ಅಗತ್ಯವೇ ಇಲ್ಲ.

ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದರೆ ಇನ್ನೊಂದು ಮಾತು. ವೈದ್ಯರು ಒಂದು ಔಷಧದ ಜೊತೆ ಇನ್ನೊಂದನ್ನು ಸೇರಿಸಿದಾಗ ‘ಮೊದಲಿನದು ಕೆಲಸಕ್ಕೆ ಬರಲಿಲ್ಲ, ದುಡ್ಡು ಹೊಡೆಯೋಕೆ ಎರಡು ಬರೆದರು’ ಎಂದುಕೊಳ್ಳುವ ಮೊದಲು, ಯಾಕೆ ಸೇರಿಸಿದಿರಿ ಎಂದು ಅವರನ್ನೇ ಕೇಳಿ. ಕೇಳುವ ಹಕ್ಕು ನಿಮಗಿದೆ. ಮೊದಲ ಔಷಧ ತನ್ನ ಗೇಟನ್ನು ಸರಿಯಾಗಿಯೇ ಮುಚ್ಚಿರಬಹುದು. ನೀರು ಪಕ್ಕದ ಕಾಲುವೆ ಹಿಡಿದಿರಬಹುದು. ಎರಡನೆಯದು ಆ ಕಾಲುವೆಗೆ ಇರಬಹುದು.